ದಶಮಾಂಶ ಭಾಗಾಕಾರ: ‘ಚುಕ್ಕಿ ಎಲ್ಲಿಡಬೇಕು?’ ಅನ್ನೋ ಪ್ರಶ್ನೆಯೇ ಬರದ ಹಾಗೆ ಕಲಿಸುವುದು

“ಮಗಳಿಗೆ ಭಾಗಾಕಾರ ಚೆನ್ನಾಗೇ ಬರುತ್ತೆ. ಮಧ್ಯೆ ಚುಕ್ಕಿ ಬಂದರೆ ಮಾತ್ರ ಗೊಂದಲ. ಚುಕ್ಕಿ ಎಲ್ಲಿಡಬೇಕು ಅಂತ ಹೇಗೆ ಹೇಳಿಕೊಡೋದು?” ಅಪ್ಪ ಅಮ್ಮಂದಿರು ಕೇಳುತ್ತಾರೆ, ಹೊಸದಾಗಿ ಪಾಠ ಮಾಡುತ್ತಿರುವ ಶಿಕ್ಷಕರೂ ಕೇಳುತ್ತಾರೆ. ಪ್ರತಿ ಸಲ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚುಕ್ಕಿ ಇಡುವುದಕ್ಕೆ ಇಲ್ಲಿ ಸೂತ್ರ ಸಿಗುವುದಿಲ್ಲ. ‘ಎಷ್ಟು ಮನೆ ಇದೆ ಎಣಿಸು, ಅಷ್ಟು ಬಿಟ್ಟು ಚುಕ್ಕಿ ಇಡು’ ಅನ್ನುವ ಸೂತ್ರ ಒಂದು ವಾರ ನೆನಪಿರುತ್ತದೆ. ಆಮೇಲೆ ಗುಣಾಕಾರದ ಸೂತ್ರದ ಜೊತೆ ಕಲಸಿಹೋಗುತ್ತದೆ. ನಿಜ ಹೇಳಬೇಕೆಂದರೆ ದಶಮಾಂಶ ಭಾಗಾಕಾರದಲ್ಲಿ ಹೊಸದು ಅಂತ ಏನೂ ಇಲ್ಲ. ಪೂರ್ಣಸಂಖ್ಯೆಗಳಲ್ಲಿ ಮಗು ಆಗಲೇ ಮಾಡುತ್ತಿರುವ ಒಂದು ಕೆಲಸವನ್ನು ಬಿಡಿಸ್ಥಾನದ ಆಚೆಗೂ ಮುಂದುವರಿಸಿದರೆ ಮುಗಿಯಿತು. ಆ ಕೆಲಸದ ಹೆಸರು ಚಿಲ್ಲರೆ ಮಾಡುವುದು.

ಹಂಚು. ಉಳಿದಿದ್ದನ್ನು ಚಿಲ್ಲರೆ ಮಾಡು. ಮತ್ತೆ ಹಂಚು. ಇಷ್ಟೇ.

ಶುರು ಮಾಡುವ ಮುಂಚೆ ಬೇಕಾಗಿದ್ದು

ಮಗುವಿಗೆ ಹತ್ತರವರೆಗಿನ ಮಗ್ಗಿ ಬರಬೇಕು. ಶೇಷ ಉಳಿಯುವ ಸಾದಾ ಭಾಗಾಕಾರ ಬರಬೇಕು. ಶೇಷ ಅಂದರೆ ಹಂಚಿದ ಮೇಲೆ ಮಿಕ್ಕಿದ್ದು. ಉಳಿದ ಮೂರು ಪದಗಳೂ ಗೊತ್ತಿದ್ದರೆ ಒಳ್ಳೆಯದು: ಯಾವುದನ್ನು ಹಂಚುತ್ತೇವೋ ಅದು ಭಾಜ್ಯ, ಯಾವುದರಿಂದ ಹಂಚುತ್ತೇವೋ ಅದು ಭಾಜಕ, ಬಂದ ಉತ್ತರ ಭಾಗಲಬ್ಧ. ಈ ಪದಗಳನ್ನು ಬಾಯಿಪಾಠ ಮಾಡಿಸಲು ಹೋಗಬೇಡಿ. ಮಾಡುತ್ತಾ ಮಾಡುತ್ತಾ ಬರುತ್ತವೆ.

ಸಾಮಾನು ಜಾಸ್ತಿ ಬೇಡ. ಚೌಕದ ಗೆರೆಗಳಿರುವ ಹಾಳೆ, ಕತ್ತರಿ, ಪೆನ್ಸಿಲ್. ಚೌಕಗಳು ಒಂದು ಸೆಂಟಿಮೀಟರಿನಷ್ಟಾದರೂ ಇರಲಿ. ಅದಕ್ಕಿಂತ ಸಣ್ಣದಾದರೆ ಕತ್ತರಿಸಿದ ಚೂರುಗಳು ಕೈಗೆ ಸಿಗುವುದಿಲ್ಲ. ತೆಳು ಹಾಳೆಯಾದರೆ ರಟ್ಟಿಗೆ ಅಂಟಿಸಿಕೊಳ್ಳಿ, ಫ್ಯಾನ್ ಆರಿಸಿ ಕೂತುಕೊಳ್ಳಿ. ಇಲ್ಲದಿದ್ದರೆ ಅರ್ಧ ಪಾಠ ಚೂರು ಹುಡುಕುವುದರಲ್ಲೇ ಹೋಗುತ್ತದೆ.

ದುಡ್ಡಿನ ಲೆಕ್ಕದಿಂದ ಶುರು ಮಾಡಬಹುದಲ್ವಾ ಅಂತ ತುಂಬ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಬೇಡ. ದುಡ್ಡನ್ನು ಬರೆದಾಗ ಮಕ್ಕಳು ಚುಕ್ಕಿಯ ಎಡಕ್ಕೆ ಒಂದು ಸಂಖ್ಯೆ, ಬಲಕ್ಕೆ ಇನ್ನೊಂದು ಸಂಖ್ಯೆ ಅಂತ ಎರಡಾಗಿ ಓದಿಕೊಳ್ಳುತ್ತಾರೆ. ಅಲ್ಲಿ ಚುಕ್ಕಿ ಒಂದು ಗೋಡೆ ಇದ್ದ ಹಾಗೆ. ನಮಗೆ ಬೇಕಾಗಿರುವುದು ಆ ಗೋಡೆ ದಾಟುವುದು. ಮೇಲಾಗಿ ದುಡ್ಡು ನೂರನೇ ಭಾಗಕ್ಕೇ ನಿಂತುಬಿಡುತ್ತದೆ, ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ.

1. ಮೊದಲು ಓದುವುದನ್ನು ಪರೀಕ್ಷಿಸಿ

ಎರಡೇ ಪ್ರಶ್ನೆ ಕೇಳಿ. ಒಂದು, 3.07 ಅನ್ನು ಬಿಡಿಸಿ ಹೇಳು. ಎರಡು, 0.4 ದೊಡ್ಡದೋ 0.35 ದೊಡ್ಡದೋ?

ಮೊದಲನೆಯದಕ್ಕೆ ‘ಮೂರು ಬಿಡಿ, ಹತ್ತನೇ ಭಾಗ ಒಂದೂ ಇಲ್ಲ, ನೂರನೇ ಭಾಗ ಏಳು’ ಎಂಬ ಅರ್ಥದ ಉತ್ತರ ಬರಬೇಕು. ಎರಡನೆಯದಕ್ಕೆ ತುಂಬ ಮಕ್ಕಳು 0.35 ಅನ್ನುತ್ತಾರೆ. ಯಾಕೆ ಅಂದರೆ 35 ನಾಲ್ಕಕ್ಕಿಂತ ದೊಡ್ಡದು! ಈ ಉತ್ತರ ಬಂತೋ, ಭಾಗಾಕಾರವನ್ನು ಅಲ್ಲೇ ಪಕ್ಕಕ್ಕಿಡಿ. ಇದು ಗಟ್ಟಿಯಾಗದೆ ಮುಂದೆ ಹೋದರೆ ಮುಂದಿನ ಪ್ರತಿ ಹಂತದಲ್ಲೂ ಇದೇ ತಪ್ಪು ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಈ ತಪ್ಪಿಗೆ ಅರ್ಧ ಕಾರಣ ನಾವೇ. 3.25 ಅನ್ನು ‘ಮೂರು ಪಾಯಿಂಟ್ ಇಪ್ಪತ್ತೈದು’ ಅಂತ ಓದುತ್ತೇವೆ. ‘ಮೂರು ಬಿಂದು ಎರಡು ಐದು’ ಅನ್ನಿ. ಕಲಿಯುವ ದಿನಗಳಲ್ಲಿ ಇನ್ನೂ ಬಿಡಿಸಿ, ‘ಮೂರು ಬಿಡಿ, ಎರಡು ಹತ್ತನೇ ಭಾಗ, ಐದು ನೂರನೇ ಭಾಗ’ ಅನ್ನಿ.

ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ದಶಕ, ದಶಾಂಶ, ದಶಮಾಂಶ ಈ ಮೂರೂ ಕಿವಿಗೆ ಒಂದೇ ಥರ ಕೇಳಿಸುತ್ತವೆ. ದಶಕ ಅಂದರೆ ಹತ್ತು. ದಶಾಂಶ ಅಂದರೆ ಒಂದನ್ನು ಹತ್ತು ಪಾಲು ಮಾಡಿದಾಗ ಸಿಗುವ ಒಂದು ಪಾಲು, 0.1. ದಶಮಾಂಶ ಅನ್ನುವುದು ಚುಕ್ಕಿ ಇಟ್ಟು ಬರೆಯುವ ಈ ಇಡೀ ಪದ್ಧತಿಯ ಹೆಸರು. ಹಾಗೇ ನೂರನೇ ಒಂದು ಪಾಲು ಶತಾಂಶ, 0.01. ನಾನು ಮಕ್ಕಳ ಜೊತೆ ‘ಹತ್ತನೇ ಭಾಗ’, ‘ನೂರನೇ ಭಾಗ’ ಅಂತಲೇ ಮಾತಾಡುತ್ತೇನೆ. ಪುಸ್ತಕದ ಪದಗಳು ಪುಸ್ತಕದಲ್ಲಿ ಹೇಗೂ ಇವೆ.

2. ಚೌಕ, ಪಟ್ಟಿ, ಚೂರು

ಹಾಳೆಯ ಮೇಲೆ ಹತ್ತಕ್ಕೆ ಹತ್ತು ಮನೆಗಳ ಒಂದು ದೊಡ್ಡ ಚೌಕ ಗುರುತಿಸಿ ಕತ್ತರಿಸಿ. ಇದು ‘ಒಂದು’. ಇಂಥವು ಎಂಟು ಬೇಕು. ಇನ್ನೊಂದೆರಡು ಚೌಕ ತೆಗೆದುಕೊಂಡು ಉದ್ದುದ್ದ ಹತ್ತು ಪಟ್ಟಿಗಳಾಗಿ ಕತ್ತರಿಸಿ. ಒಂದು ಪಟ್ಟಿ ಅಂದರೆ 0.1. ಎರಡು ಮೂರು ಪಟ್ಟಿಗಳನ್ನು ಮತ್ತೆ ಹತ್ತತ್ತು ಚೂರು ಮಾಡಿ. ಒಂದು ಚೂರು 0.01.

ಕತ್ತರಿಸುವ ಕೆಲಸ ಮಗುವೇ ಮಾಡಲಿ. ನೀಟಾಗಿ ಬರಲಿ ಅಂತ ನೀವು ಮಾಡಿಕೊಡಬೇಡಿ. ಒಂದು ಚೌಕವನ್ನು ಕೈಯಾರೆ ಹತ್ತು ಪಟ್ಟಿ ಮಾಡಿದ ಮಗುವಿಗೆ ‘ಒಂದು ಬಿಡಿ ಅಂದರೆ ಹತ್ತು ಹತ್ತನೇ ಭಾಗ’ ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ಇಲ್ಲೊಂದು ಎಡವಟ್ಟಿದೆ. ಚಿಕ್ಕ ತರಗತಿಯಲ್ಲಿ ಇದೇ ಥರದ ಸಾಮಾನಿನಿಂದ ಮಗು ನೂರು, ಹತ್ತು, ಬಿಡಿ ಕಲಿತಿರುತ್ತದೆ. ಅಲ್ಲಿ ಚೂರು ‘ಒಂದು’, ದೊಡ್ಡ ಚೌಕ ‘ನೂರು’. ಈಗ ದೊಡ್ಡ ಚೌಕವೇ ‘ಒಂದು’. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಮಗು ಮನಸ್ಸಿನಲ್ಲಿ ಹಳೆಯ ಬೆಲೆಯನ್ನೇ ಇಟ್ಟುಕೊಂಡು ಕೂತಿರುತ್ತದೆ. ದೊಡ್ಡ ಚೌಕಗಳ ಮೇಲೆ 1 ಅಂತ ದಪ್ಪಗೆ ಬರೆಸಿಬಿಡಿ.

ಇನ್ನೊಂದು ಹಾಳೆಯಲ್ಲಿ ಸ್ಥಾನಬೆಲೆಯ ಕೋಷ್ಟಕ ಹಾಕಿ. ಐದು ಕಂಬ: ಹತ್ತು, ಬಿಡಿ, ಹತ್ತನೇ ಭಾಗ, ನೂರನೇ ಭಾಗ, ಸಾವಿರನೇ ಭಾಗ. ಬಿಡಿ ಮತ್ತು ಹತ್ತನೇ ಭಾಗದ ಮಧ್ಯದ ಗೆರೆಯ ಮೇಲೆ ಚುಕ್ಕಿಯನ್ನು ಇಂಕಿನಲ್ಲಿ ಇಡಿ. ಪೆನ್ಸಿಲ್ ಬೇಡ, ಇಂಕೇ ಇರಲಿ. ಅದು ಅಲ್ಲಾಡುವುದಿಲ್ಲ ಅಂತ ಮಗುವಿಗೆ ಗೊತ್ತಾಗಲಿ.

ಪ್ರತಿ ಅಂಕಿಯ ಜೊತೆ ಅದರ ಸ್ಥಾನದ ಹೆಸರನ್ನೂ ಬರೆಯುವುದು ಮಕ್ಕಳಾಟ ಅನ್ನಿಸಬಹುದು. 1585ರಲ್ಲಿ ಸೈಮನ್ ಸ್ಟೆವಿನ್ ಎಂಬ ಗಣಿತಜ್ಞ ದಶಮಾಂಶಗಳನ್ನು ಯುರೋಪಿನ ಜನರಿಗೆ ಪರಿಚಯಿಸಲು ಒಂದು ಚಿಕ್ಕ ಪುಸ್ತಕ ಬರೆದ. ಅದರಲ್ಲಿ ಚುಕ್ಕಿಯೇ ಇರಲಿಲ್ಲ. ಪ್ರತಿ ಅಂಕಿಯ ಜೊತೆ ವೃತ್ತದೊಳಗೆ 0, 1, 2, 3 ಅಂತ ಗುರುತು ಹಾಕಿ ಅದು ಯಾವ ಸ್ಥಾನದ್ದು ಎಂದು ತೋರಿಸುತ್ತಿದ್ದ. ಹಾಗಾಗಿ ನಿಮ್ಮ ಮಗು ಕೋಷ್ಟಕದ ಹೆಸರು ನೋಡದೆ ಲೆಕ್ಕ ಮಾಡಲಾರದೆ ಒದ್ದಾಡಿದರೆ ಗಾಬರಿ ಬೇಡ.

3. ಚುಕ್ಕಿಯಿಲ್ಲದ ಲೆಕ್ಕದಿಂದ ಚುಕ್ಕಿ ದಾಟುವುದು

54 ÷ 4 ಕೊಡಿ. ಮಗು ತನಗೆ ಗೊತ್ತಿರುವ ರೀತಿಯಲ್ಲೇ ಮಾಡಲಿ, ಆದರೆ ಜೋರಾಗಿ ಹೇಳುತ್ತಾ ಮಾಡಲಿ.

ಐದು ಹತ್ತುಗಳಿವೆ. ನಾಲ್ಕು ಜನಕ್ಕೆ ಒಂದೊಂದು ಹತ್ತು. ಒಂದು ಹತ್ತು ಉಳಿಯಿತು. ಅದನ್ನು ಚಿಲ್ಲರೆ ಮಾಡಿದರೆ ಹತ್ತು ಬಿಡಿ. ಮೊದಲೇ ನಾಲ್ಕು ಬಿಡಿ ಇದ್ದವು, ಒಟ್ಟು ಹದಿನಾಲ್ಕು. ತಲಾ ಮೂರು. ಎರಡು ಉಳಿಯಿತು.

ಇಲ್ಲಿಯವರೆಗೆ ‘ಭಾಗಲಬ್ಧ 13, ಶೇಷ 2’ ಅಂತ ಬರೆದು ಮಗು ಪೆನ್ಸಿಲ್ ಕೆಳಗಿಡುತ್ತಿತ್ತು. ಈಗ ಕೇಳಿ: “ಆ ಎರಡನ್ನು ಯಾಕೆ ಸುಮ್ನೆ ಬಿಟ್ಟೆ?”

“ನಾಲ್ಕು ಜನಕ್ಕೆ ಎರಡು ಸಾಲಲ್ಲ.”

“ಒಂದು ಹತ್ತು ಉಳಿದಾಗಲೂ ಸಾಲುತ್ತಿರಲಿಲ್ಲ. ಆಗೇನು ಮಾಡಿದೆ?”

ಸ್ವಲ್ಪ ಹೊತ್ತು ಸುಮ್ಮನಿರಿ. ಉತ್ತರ ನೀವು ಹೇಳಬೇಡಿ. ಕೈ ತಾನಾಗಿ ಎರಡು ಚೌಕಗಳ ಕಡೆ ಹೋಗುತ್ತದೆ. ಎರಡು ಚೌಕ ಕೊಟ್ಟು ಇಪ್ಪತ್ತು ಪಟ್ಟಿ ತೆಗೆದುಕೊಂಡರೆ ತಲಾ ಐದು ಪಟ್ಟಿ. ಉತ್ತರ 13 ಬಿಡಿ, 5 ಹತ್ತನೇ ಭಾಗ. ಅಂದರೆ 13.5.

ಈಗ ಚುಕ್ಕಿ ಎಲ್ಲಿಂದ ಬಂತು ನೋಡಿ. ಯಾರೂ ಮನೆ ಎಣಿಸಲಿಲ್ಲ. ಬಿಡಿಗಳು ಮುಗಿದು ಪಟ್ಟಿಗಳನ್ನು ಹಂಚಲು ಶುರು ಮಾಡಿದ ಕ್ಷಣಕ್ಕೆ ಚುಕ್ಕಿ ಬಂತು. ಭಾಗಾಕಾರದಲ್ಲಿ ಚುಕ್ಕಿಗೆ ಇರುವ ಅರ್ಥ ಇದೊಂದೇ: ‘ಬಿಡಿ ಮುಗಿಯಿತು, ಇನ್ನು ಮುಂದೆ ಚಿಲ್ಲರೆ.’

ಇನ್ನೊಂದು ಲೆಕ್ಕ ಮಾಡಿಸಿ: 5 ÷ 4. ಉತ್ತರ 1.25. ಇದನ್ನು ಮಾತಿನಲ್ಲಿ ಹೇಳು ಅಂದರೆ ಮಗು ‘ಒಂದೂಕಾಲು’ ಅನ್ನಬೇಕು. ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಇವೆಲ್ಲ ಮಗುವಿನ ಬಾಯಲ್ಲಿ ಮೊದಲಿನಿಂದಲೂ ಇವೆ. ಅವಕ್ಕೂ 0.25, 0.5, 0.75, 1.5ಕ್ಕೂ ನಂಟು ಹಾಕಿಕೊಟ್ಟರೆ ಉತ್ತರ ಸರಿಯೋ ತಪ್ಪೋ ಅಂತ ಅಂದಾಜು ಮಾಡಲು ಒಂದು ಊರುಗೋಲು ಸಿಕ್ಕ ಹಾಗೆ.

4. ದಶಮಾಂಶವನ್ನು ಪೂರ್ಣಸಂಖ್ಯೆಯಿಂದ ಭಾಗಿಸುವುದು

ಪಾಠದ ಹೃದಯ ಇದು. ಇಲ್ಲಿ ಎಷ್ಟು ದಿನ ಬೇಕಾದರೂ ಇರಿ.

7.35 ÷ 3 ತೆಗೆದುಕೊಳ್ಳೋಣ. ಮೇಜಿನ ಮೇಲೆ ಏಳು ಚೌಕ, ಮೂರು ಪಟ್ಟಿ, ಐದು ಚೂರು ಇಡಿಸಿ. ಮೂರು ಖಾಲಿ ಹಾಳೆ ಪಕ್ಕಪಕ್ಕ ಇಡಿ, ಅವೇ ಮೂರು ಪಾಲು. ಉಳಿದ ಪಟ್ಟಿ, ಚೂರುಗಳು ಒಂದು ಡಬ್ಬಿಯಲ್ಲಿರಲಿ. ಚಿಲ್ಲರೆ ಸಿಗುವುದು ಆ ಡಬ್ಬಿಯಿಂದ.

ಮೊದಲು ಚೌಕಗಳು. ಏಳು ಚೌಕ, ಮೂರು ಪಾಲು. ತಲಾ ಎರಡು. ಒಂದು ಚೌಕ ಉಳಿಯಿತು.

ಉಳಿದ ಚೌಕವನ್ನು ಡಬ್ಬಿಗೆ ಹಾಕಿ ಹತ್ತು ಪಟ್ಟಿ ತೆಗೆದುಕೊಳ್ಳಲಿ. ಮೊದಲಿನ ಮೂರು ಸೇರಿ ಹದಿಮೂರು ಪಟ್ಟಿ. ತಲಾ ನಾಲ್ಕು. ಒಂದು ಪಟ್ಟಿ ಉಳಿಯಿತು.

ಆ ಪಟ್ಟಿಯನ್ನು ಕೊಟ್ಟು ಹತ್ತು ಚೂರು. ಮೊದಲಿನ ಐದು ಸೇರಿ ಹದಿನೈದು. ತಲಾ ಐದು. ಏನೂ ಉಳಿಯಲಿಲ್ಲ.

ಒಂದೊಂದು ಹಾಳೆಯ ಮೇಲೂ ಎರಡು ಚೌಕ, ನಾಲ್ಕು ಪಟ್ಟಿ, ಐದು ಚೂರು ಇವೆ. 2.45.

ಇದೇ ಲೆಕ್ಕವನ್ನು ಮತ್ತೆ ಮಾಡಿಸಿ. ಈ ಸಲ ಒಂದೊಂದು ಸಲ ಹಂಚಿದ ಕೂಡಲೇ ನಿಲ್ಲಿಸಿ ಪುಸ್ತಕದಲ್ಲಿ ಆ ಒಂದು ಸಾಲನ್ನು ಬರೆಸಿ. 7ರಲ್ಲಿ 6 ಹೋದರೆ 1 ಅಂತ ಬರೆದಾಗ ಬೆರಳು ಉಳಿದ ಚೌಕದ ಮೇಲಿರಲಿ. ಪಕ್ಕಕ್ಕೆ 3 ಇಳಿಸಿಕೊಂಡು 13 ಅಂತ ಬರೆದಾಗ ಹದಿಮೂರು ಪಟ್ಟಿಗಳನ್ನು ಮುಟ್ಟಿ ತೋರಿಸಲಿ. ‘ಅಂಕಿ ಇಳಿಸಿಕೊಳ್ಳೋದು’ ಅಂತ ವರ್ಷಗಟ್ಟಲೆ ಮಾಡಿದ ಕೆಲಸದ ಅರ್ಥ ಏನು ಅಂತ ತುಂಬ ಮಕ್ಕಳಿಗೆ ಇಲ್ಲೇ ಮೊದಲ ಸಲ ಹೊಳೆಯುವುದು. ಕೆಲವು ದೊಡ್ಡವರಿಗೂ!

ಉತ್ತರದ ಚುಕ್ಕಿ ಭಾಜ್ಯದ ಚುಕ್ಕಿಯ ನೇರಕ್ಕೆ ಬರುತ್ತದೆ ಅನ್ನುವುದನ್ನು ಮಗುವೇ ಗಮನಿಸಲಿ. ಚೌಕ ಹಂಚಿದರೆ ಚೌಕವೇ ಸಿಗುತ್ತದೆ, ಪಟ್ಟಿ ಹಂಚಿದರೆ ಪಟ್ಟಿಯೇ. ಹಾಗಾಗಿ ಸ್ಥಾನ ಬದಲಾಗುವ ಮಾತೇ ಇಲ್ಲ. ಆದರೆ ಇದು ಭಾಜಕ ಪೂರ್ಣಸಂಖ್ಯೆ ಆಗಿದ್ದಾಗ ಮಾತ್ರ. ಆ ಷರತ್ತನ್ನು ಈಗಲೇ ಹೇಳಿಡಿ.

ಒಂದು ಎಚ್ಚರಿಕೆ. ಸಾಮಾನು ಬಿಟ್ಟು ಬರೀ ಬರವಣಿಗೆಗೆ ಬಂದ ಮೇಲೂ ಸಾಲುಗಳು ಓರೆಕೋರೆ ಆಗಬಾರದು. ಅಂಕಿಗಳು ಒಂದು ಮನೆ ಪಕ್ಕಕ್ಕೆ ಜಾರಿದರೆ ಸ್ಥಾನವೇ ಬದಲಾಯಿತು ಅಂತ ಅರ್ಥ. ಚೌಕದ ಹಾಳೆಯಲ್ಲೇ ಬರೆಸಿ, ಒಂದು ಮನೆಗೆ ಒಂದೇ ಅಂಕಿ.

5. ಸೊನ್ನೆ ಕೈಕೊಡುವ ಜಾಗಗಳು

6.12 ÷ 3 ಕೊಟ್ಟು ನೋಡಿ. ಹತ್ತು ಮಕ್ಕಳಲ್ಲಿ ಕೆಲವರಾದರೂ 2.4 ಅಂತ ಬರೆಯುತ್ತಾರೆ. ನಾನು ಪಾಠ ಹೇಳುತ್ತಿದ್ದ ಒಬ್ಬ ಹುಡುಗಿ ಪ್ರತಿ ಸಲ ಹೀಗೇ ಬರೆಯುತ್ತಿದ್ದಳು. ಕೇಳಿದರೆ, “1ರಲ್ಲಿ 3 ಹೋಗಲ್ಲ, ಅದಕ್ಕೇ 12 ತಗೊಂಡೆ” ಅನ್ನುತ್ತಿದ್ದಳು. ಅವಳು ಹೇಳಿದ್ದು ಸರಿಯೇ. ಬಿಟ್ಟಿದ್ದು ಒಂದೇ: ಪಟ್ಟಿ ಯಾರಿಗೂ ಸಿಗಲಿಲ್ಲ ಅನ್ನುವುದನ್ನು ಉತ್ತರದಲ್ಲಿ ಬರೆಯಬೇಕಿತ್ತು.

ಕೋಷ್ಟಕದಲ್ಲಿ ಮಾಡಿಸಿ. ಆರು ಚೌಕ, ತಲಾ ಎರಡು. ಒಂದು ಪಟ್ಟಿ, ಮೂರು ಜನ, ತಲಾ ಸೊನ್ನೆ. ಹತ್ತನೇ ಭಾಗದ ಮನೆಯಲ್ಲಿ 0 ಬರೆ. ಆ ಪಟ್ಟಿ ಚಿಲ್ಲರೆಯಾಗಿ ಹತ್ತು ಚೂರು, ಜೊತೆಗೆ ಎರಡು, ಹನ್ನೆರಡು. ತಲಾ ನಾಲ್ಕು. 2.04. ನಿಯಮ ಅಂತ ಬೇಕಿದ್ದರೆ ಇದೊಂದನ್ನು ಕೊಡಿ: ಒಂದು ಸ್ಥಾನವನ್ನು ಹಂಚಲು ನೋಡಿದ ಮೇಲೆ ಉತ್ತರದಲ್ಲಿ ಆ ಮನೆ ಖಾಲಿ ಇರಬಾರದು. ಏನೂ ಸಿಗದಿದ್ದರೆ ಸೊನ್ನೆ.

0.36 ÷ 9ರಲ್ಲೂ ಇದೇ ಕತೆ. ಬಿಡಿಯಿಲ್ಲ, 0. ಮೂರು ಪಟ್ಟಿ ಒಂಬತ್ತು ಜನಕ್ಕೆ ಸಾಲದು, 0. ಮೂವತ್ತಾರು ಚೂರು, ತಲಾ ನಾಲ್ಕು. 0.04.

ಸೊನ್ನೆ ಕೊನೆಯಲ್ಲೂ ಬೇಕಾಗುತ್ತದೆ. 8.1 ÷ 4 ನೋಡಿ. ಎಂಟು ಚೌಕ, ತಲಾ ಎರಡು. ಒಂದು ಪಟ್ಟಿ, ತಲಾ ಸೊನ್ನೆ. ಚಿಲ್ಲರೆ ಮಾಡಿದರೆ ಹತ್ತು ಚೂರು, ತಲಾ ಎರಡು, ಎರಡು ಉಳಿಯಿತು. ಭಾಜ್ಯದಲ್ಲಿ ಇಳಿಸಿಕೊಳ್ಳಲು ಇನ್ನು ಅಂಕಿಯೇ ಇಲ್ಲ. ಇಲ್ಲಿ ಮಕ್ಕಳು ನಿಂತುಬಿಡುತ್ತಾರೆ, ಅಥವಾ ಉಳಿದ 2 ಅನ್ನು ಹಾಗೇ ಉತ್ತರದ ಕೊನೆಗೆ ಅಂಟಿಸುತ್ತಾರೆ. 8.1 ಅಂದರೂ 8.100 ಅಂದರೂ ಒಂದೇ ಅಂತ ನೆನಪಿಸಿ. ಎಂಟು ಚೌಕ, ಒಂದು ಪಟ್ಟಿ, ಚೂರಿಲ್ಲ, ಅದಕ್ಕಿಂತ ಸಣ್ಣದೂ ಇಲ್ಲ. ಇಲ್ಲ ಅನ್ನುವುದನ್ನು ಸೊನ್ನೆ ಹಾಕಿ ಹೇಳಿದ್ದೇವೆ, ಅಷ್ಟೇ. ಎರಡು ಚೂರು ಚಿಲ್ಲರೆ ಮಾಡಿದರೆ ಸಾವಿರನೇ ಭಾಗಗಳು ಇಪ್ಪತ್ತು, ತಲಾ ಐದು. ಉತ್ತರ 2.025.

ಹಂಚುತ್ತಲೇ ಹೋದರೂ ಮುಗಿಯದ ಲೆಕ್ಕಗಳೂ ಇವೆ. 10 ÷ 3ರಲ್ಲಿ ಪ್ರತಿ ಸಲ ಒಂದು ಉಳಿಯುತ್ತಲೇ ಇರುತ್ತದೆ, 3.333… ಹೀಗೆ. 1 ÷ 7ರಲ್ಲಿ 142857 ಎಂಬ ಆರು ಅಂಕಿಗಳ ಸಾಲು ಮತ್ತೆ ಮತ್ತೆ ಬರುತ್ತದೆ. ಮಗು ತಪ್ಪು ಮಾಡಿದೆನೇನೋ ಅಂತ ಹೆದರದಿರಲು ಒಂದು ಸಲ ತೋರಿಸಿಬಿಡಿ. ಹಿಂದೆ ಬಂದ ಶೇಷವೇ ಮತ್ತೆ ಬಂದರೆ ಅಲ್ಲಿಂದ ಮುಂದೆ ಉತ್ತರವೂ ಮರುಕಳಿಸುತ್ತದೆ. ಇದಕ್ಕಿಂತ ಜಾಸ್ತಿ ಈಗ ಬೇಡ.

6. ಹತ್ತರಿಂದ, ನೂರರಿಂದ ಭಾಗಿಸುವುದು

‘ಹತ್ತರಿಂದ ಭಾಗಿಸಿದರೆ ಚುಕ್ಕಿ ಒಂದು ಮನೆ ಎಡಕ್ಕೆ ಹೋಗುತ್ತೆ.’ ನಾವೆಲ್ಲ ಹೀಗೇ ಕಲಿತೆವು. ಉತ್ತರವೂ ಸರಿ ಬರುತ್ತದೆ. ಆದರೂ ನಾನಿದನ್ನು ಹೇಳುವುದಿಲ್ಲ. ಚುಕ್ಕಿ ಓಡಾಡುವ ವಸ್ತು ಅಂತ ಒಮ್ಮೆ ತಲೆಗೆ ಹೋದರೆ ಅದು ಎಲ್ಲೆಂದರಲ್ಲಿ ಓಡಾಡುತ್ತದೆ.

34.6ನ್ನು ಕೋಷ್ಟಕದಲ್ಲಿ ಇಡಿಸಿ. ಹತ್ತು ಪಾಲು ಮಾಡಿದರೆ ಮೂರು ಹತ್ತುಗಳಲ್ಲಿ ಒಬ್ಬರಿಗೆ ಸಿಗುವುದು ಮೂರು ಬಿಡಿ. ನಾಲ್ಕು ಬಿಡಿಗಳಲ್ಲಿ ಸಿಗುವುದು ನಾಲ್ಕು ಪಟ್ಟಿ. ಆರು ಪಟ್ಟಿಗಳಲ್ಲಿ ಆರು ಚೂರು. ಪ್ರತಿ ಅಂಕಿಯೂ ಒಂದು ಮನೆ ಬಲಕ್ಕೆ ಇಳಿಯಿತು, 3.46. ಚುಕ್ಕಿ ಇದ್ದಲ್ಲೇ ಇದೆ. ಇಂಕಿನಲ್ಲಿ ಬರೆದಿದ್ದು ಇದಕ್ಕೇ.

ಅಂಕಿಗಳನ್ನು ಒಂದು ಕಾಗದದ ಪಟ್ಟಿಯ ಮೇಲೆ ಬರೆದು ಕೋಷ್ಟಕದ ಮೇಲೆ ಜಾರಿಸಿ ತೋರಿಸಿದರೆ ಮಕ್ಕಳಿಗೆ ಖುಷಿ. ನೂರಕ್ಕೆ ಎರಡು ಮನೆ ಜಾರಿಸಿ: 0.346. ಖಾಲಿಯಾದ ಬಿಡಿಯ ಮನೆಗೆ ಸೊನ್ನೆ.

7. ಭಾಜಕದಲ್ಲೇ ಚುಕ್ಕಿ ಇದ್ದರೆ

1.2 ÷ 0.3. ಈಗ ಹಂಚುವ ಮಾತು ನಡೆಯುವುದಿಲ್ಲ. 0.3 ಜನಕ್ಕೆ ಹಂಚು ಅಂದರೆ ಏನರ್ಥ? ಹಲವರು ಪಾಠ ಹೇಳುವಾಗ ಈ ತಿರುವನ್ನು ಹೇಳದೆ ದಾಟಿಬಿಡುತ್ತಾರೆ. ಮಗು ಅಲ್ಲೇ ಕಳೆದುಹೋಗುತ್ತದೆ.

ಹಳೆಯ ಲೆಕ್ಕಕ್ಕೇ ವಾಪಸ್ ಹೋಗಿ. 12 ÷ 3 ಅಂದರೆ ಮೂರು ಜನಕ್ಕೆ ಹಂಚುವುದು ಅಂತಲೂ ಹೌದು, 12ರಲ್ಲಿ 3 ಎಷ್ಟು ಸಲ ಇದೆ ಅಂತಲೂ ಹೌದು. ಇನ್ನು ಮುಂದೆ ನಮಗೆ ಎರಡನೆಯ ಅರ್ಥ ಬೇಕು. 1.2ರಲ್ಲಿ 0.3 ಎಷ್ಟು ಸಲ ಇದೆ?

ಒಂದು ಚೌಕ, ಎರಡು ಪಟ್ಟಿ ಇಡಿಸಿ. ಚೌಕ ಇರುವವರೆಗೆ ಮೂರು ಮೂರು ಪಟ್ಟಿಗಳ ಗುಂಪು ಮಾಡಲಾಗುವುದಿಲ್ಲ. ಚಿಲ್ಲರೆ ಮಾಡಿದರೆ ಹನ್ನೆರಡು ಪಟ್ಟಿ. ಮೂರರ ಗುಂಪುಗಳು ನಾಲ್ಕು. ಉತ್ತರ 4. ನಾಲ್ಕು ಪಟ್ಟಿ ಅಲ್ಲ, ನಾಲ್ಕು ಸಲ.

ಈಗ 1.2 ÷ 0.03. ಮೂರು ಚೂರುಗಳ ಗುಂಪು ಬೇಕು. ಹಾಗಾದರೆ ಎಲ್ಲವನ್ನೂ ಚೂರು ಮಾಡೋಣ, ನೂರಿಪ್ಪತ್ತು. ಗುಂಪುಗಳು ನಲವತ್ತು. ಇಲ್ಲಿ ಒಂದು ಒಳ್ಳೆಯ ಅಭ್ಯಾಸ ಕೂರಿಸಿ: ಭಾಗಿಸುವ ಮುಂಚೆ ಎರಡೂ ಸಂಖ್ಯೆಗಳನ್ನು ಒಂದೇ ಜಾತಿಯ ತುಂಡಿನಲ್ಲಿ ಹೇಳುವುದು. ಎರಡೂ ಪಟ್ಟಿಯಲ್ಲಿ, ಇಲ್ಲವೇ ಎರಡೂ ಚೂರಿನಲ್ಲಿ. ಒಂದೂವರೆ ಮೀಟರ್ ದಾರದಲ್ಲಿ ಕಾಲು ಮೀಟರಿನ ತುಂಡು ಎಷ್ಟು ಅಂದರೆ ನಾವು 150 ಸೆಂಟಿಮೀಟರಿನಲ್ಲಿ 25 ಸೆಂಟಿಮೀಟರ್ ಎಷ್ಟು ಸಲ ಅಂತ ಯೋಚಿಸುತ್ತೇವಲ್ಲ, ಅದೇ. ಉತ್ತರ 6.

ಪುಸ್ತಕದಲ್ಲಿ ಬರುವ ‘ಎರಡನ್ನೂ ಹತ್ತರಿಂದ ಗುಣಿಸಿ’ ಎಂಬ ನಿಯಮ ಇದೇ ಮಾತಿನ ಇನ್ನೊಂದು ರೂಪ. 4.68 ÷ 0.6ರಲ್ಲಿ ಎರಡನ್ನೂ ಪಟ್ಟಿಯಲ್ಲಿ ಹೇಳಿದರೆ 46.8 ಪಟ್ಟಿಗಳಲ್ಲಿ 6 ಪಟ್ಟಿ ಎಷ್ಟು ಸಲ. ಅಂದರೆ 46.8 ÷ 6. ಇದು ನಾಲ್ಕನೇ ಹಂತದ ಲೆಕ್ಕವೇ ಆಯಿತು, ಉತ್ತರ 7.8. ಗುರಿ ಭಾಜಕವನ್ನು ಪೂರ್ಣಸಂಖ್ಯೆ ಮಾಡುವುದು ಅಷ್ಟೇ. ಭಾಜ್ಯದಲ್ಲಿ ಚುಕ್ಕಿ ಉಳಿದರೆ ಉಳಿಯಲಿ.

ಇಲ್ಲಿ ಕಾಣುವ ತಪ್ಪುಗಳು ಮೂರು.

ಮೊದಲನೆಯದು, ಉತ್ತರ ಬಂದ ಮೇಲೆ ‘ಹತ್ತರಿಂದ ಗುಣಿಸಿದ್ದೆವಲ್ಲ, ವಾಪಸ್ ಮಾಡಬೇಕು’ ಅಂತ 7.8ನ್ನು 0.78 ಮಾಡುವುದು. ಪಾಪ, ಜಾಗರೂಕ ಮಕ್ಕಳೇ ಇದನ್ನು ಮಾಡುವುದು. 46.8 ಪಟ್ಟಿ ಅಂದರೂ 4.68 ಚೌಕ ಅಂದರೂ ಇರುವ ಕಾಗದ ಅಷ್ಟೇ. ಹೇಳುವ ರೀತಿ ಬದಲಾಯಿತು, ವಸ್ತು ಬದಲಾಗಲಿಲ್ಲ. ಎಷ್ಟು ಸಲ ಅನ್ನುವ ಉತ್ತರವೂ ಬದಲಾಗುವುದಿಲ್ಲ.

ಎರಡನೆಯದು, ಭಾಜಕವನ್ನು ಮಾತ್ರ ಗುಣಿಸಿ ಭಾಜ್ಯವನ್ನು ಮರೆಯುವುದು. ಅದು ಒಂದನ್ನು ಮೀಟರಿನಲ್ಲಿ, ಇನ್ನೊಂದನ್ನು ಸೆಂಟಿಮೀಟರಿನಲ್ಲಿ ಅಳೆದ ಹಾಗೆ.

ಮೂರನೆಯದು ದೊಡ್ಡವರನ್ನೂ ಬೀಳಿಸುತ್ತದೆ. 1.7 ಮೀಟರ್ ದಾರದಲ್ಲಿ 0.5 ಮೀಟರಿನ ತುಂಡುಗಳು ಎಷ್ಟು, ಎಷ್ಟು ಉಳಿಯುತ್ತದೆ? 17ರಲ್ಲಿ 5 ಮೂರು ಸಲ, ಶೇಷ 2. ಹಾಗಾದರೆ ಎರಡು ಮೀಟರ್ ಉಳಿಯಿತೇ? ಇದ್ದಿದ್ದೇ 1.7 ಮೀಟರ್! ಉಳಿದಿದ್ದು ಎರಡು ಪಟ್ಟಿ, 0.2 ಮೀಟರ್. ಎಷ್ಟು ಸಲ ಅನ್ನುವ ಉತ್ತರವನ್ನು ವಾಪಸ್ ಮಾಡಬೇಕಾಗಿಲ್ಲ, ಆದರೆ ಶೇಷ ಯಾವ ಜಾತಿಯ ತುಂಡು ಅಂತ ಹೇಳಲೇಬೇಕು. ತಾಳೆ ನೋಡಿಸಿ: 0.5 × 3 = 1.5, ಅದಕ್ಕೆ 0.2 ಸೇರಿಸಿದರೆ 1.7.

ಇನ್ನು ‘ಭಾಗಿಸಿದರೆ ಕಮ್ಮಿ ಆಗಬೇಕಲ್ವಾ, ಇದು ಜಾಸ್ತಿ ಆಯ್ತಲ್ಲ?’ ಅನ್ನುವ ಪ್ರಶ್ನೆ. ಬಂದೇ ಬರುತ್ತದೆ. ಬರದಿದ್ದರೆ ಮಗು ಯೋಚಿಸುತ್ತಿಲ್ಲ ಅಂತ ನಾನು ಅಂದುಕೊಳ್ಳುತ್ತೇನೆ. ಈ ಸಾಲನ್ನು ಬರೆಸಿ: 6 ÷ 3 = 2, 6 ÷ 2 = 3, 6 ÷ 1 = 6, 6 ÷ 0.5 = 12, 6 ÷ 0.1 = 60. ಗುಂಪು ಚಿಕ್ಕದಾದಷ್ಟೂ ಗುಂಪುಗಳ ಲೆಕ್ಕ ಏರುತ್ತದೆ. ಭಾಜಕ ಒಂದಕ್ಕಿಂತ ಕೆಳಗಿಳಿದ ಕೂಡಲೇ ಉತ್ತರ ಭಾಜ್ಯವನ್ನೇ ದಾಟುತ್ತದೆ.

8. ಮೊದಲು ಅಂದಾಜು, ಕೊನೆಗೆ ತಾಳೆ

ಇದನ್ನು ಎಂಟನೆಯದಾಗಿ ಬರೆದಿದ್ದೇನೆ, ಆದರೆ ನಾಲ್ಕನೇ ಹಂತದಿಂದಲೇ ಜೊತೆಗಿರಬೇಕು. ಪೆನ್ಸಿಲ್ ಹಿಡಿಯುವ ಮುಂಚೆ ‘ಸುಮಾರು ಎಷ್ಟು ಬರಬಹುದು?’ ಅಂತ ಕೇಳಿ. 23.8 ÷ 7. ಏಳ್ಮೂರ್ಲಿ ಇಪ್ಪತ್ತೊಂದು, ಏಳ್ನಾಲ್ಕ್ಲಿ ಇಪ್ಪತ್ತೆಂಟು. ಹಾಗಾದರೆ ಮೂರೂ ಚಿಲ್ಲರೆ. ಆಮೇಲೆ 34 ಅಂತಲೋ 0.34 ಅಂತಲೋ ಬಂದರೆ ಮಗುವೇ ‘ಇಲ್ಲ, ಏನೋ ತಪ್ಪಿದೆ’ ಅನ್ನುತ್ತದೆ. ಸರಿಯಾದ ಉತ್ತರ 3.4. ಕೊನೆಗೆ ಗುಣಿಸಿ ತಾಳೆ: 3.4 × 7 = 23.8.

ಯಾವ ಕ್ರಮದಲ್ಲಿ ಅಭ್ಯಾಸ ಕೊಡುವುದು

ಲೆಕ್ಕಗಳನ್ನು ಕಲಸಿ ಕೊಡಬೇಡಿ. ಒಂದು ಗುಂಪು ಸಲೀಸಾದ ಮೇಲೆ ಇನ್ನೊಂದು. ಒಂದು ದಿನಕ್ಕೆ ನಾಲ್ಕೈದು ಲೆಕ್ಕ ಸಾಕು.

ಚಿಲ್ಲರೆ ಮಾಡುವುದೇ ಬೇಡದವು: 8.4 ÷ 4 = 2.1, 9.6 ÷ 3 = 3.2.

ಚಿಲ್ಲರೆ ಬೇಕಾದವು: 7.2 ÷ 3 = 2.4, 5.16 ÷ 4 = 1.29, 9.45 ÷ 5 = 1.89.

ಉತ್ತರದ ಮಧ್ಯೆ ಸೊನ್ನೆ ಬರುವವು: 6.18 ÷ 6 = 1.03, 15.05 ÷ 5 = 3.01, 0.56 ÷ 8 = 0.07.

ಕೊನೆಗೆ ಸೊನ್ನೆ ಸೇರಿಸಿ ಮುಂದುವರಿಸಬೇಕಾದವು: 7 ÷ 4 = 1.75, 2.7 ÷ 6 = 0.45, 9 ÷ 8 = 1.125.

ಸಾಮಾನು ಯಾವಾಗ ಎತ್ತಿಡಬೇಕು ಅಂತ ಕೇಳುತ್ತೀರಿ. ನೀವು ಎತ್ತಿಡಬೇಡಿ. ಒಂದು ದಿನ ಮಗುವೇ ‘ಇದೆಲ್ಲ ಬೇಡ, ಹಂಗೇ ಮಾಡ್ತೀನಿ’ ಅನ್ನುತ್ತದೆ. ಆಗಲೂ ಡಬ್ಬಿ ಮೇಜಿನ ಮೇಲೇ ಇರಲಿ. ತಪ್ಪು ಬಂದಾಗ ತಿದ್ದುವ ಬದಲು ಡಬ್ಬಿಯನ್ನು ಮಗುವಿನ ಕಡೆ ಸರಿಸಿದರೆ ಸಾಕು.

ಕೊನೆಯ ಗುಂಪು ನನಗೆ ಬಹಳ ಇಷ್ಟದ್ದು. ನಾಲ್ಕು ಲೆಕ್ಕ, ಎಲ್ಲದರಲ್ಲೂ 24 ಮತ್ತು 6 ಇವೆ: 2.4 ÷ 0.6, 2.4 ÷ 0.06, 24 ÷ 0.6, 0.24 ÷ 0.6. ಉತ್ತರಗಳು ಕ್ರಮವಾಗಿ 4, 40, 40, 0.4. ಮಗ್ಗಿಯ ಕೆಲಸ ಒಂದೇ ಆದ್ದರಿಂದ ಮಗು ಸ್ಥಾನಬೆಲೆಯನ್ನು ಯೋಚಿಸಲೇಬೇಕು, ಬೇರೆ ದಾರಿಯಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಒಂದೇ ಉತ್ತರ ಯಾಕೆ ಬಂತು, ಕೊನೆಯದರಲ್ಲಿ ಮಾತ್ರ ಉತ್ತರ ಒಂದಕ್ಕಿಂತ ಕಮ್ಮಿ ಯಾಕೆ ಅಂತ ಕೇಳಿ. ಕೊನೆಯದಕ್ಕೆ ‘ಇರೋದು ಇಪ್ಪತ್ತನಾಲ್ಕು ಚೂರು, ಒಂದು ಗುಂಪಿಗೆ ಬೇಕಾಗಿರೋದು ಅರವತ್ತು, ಪೂರ್ತಿ ಒಂದು ಗುಂಪೂ ಆಗಲ್ಲ’ ಅಂತ ಮಗು ತನ್ನ ಮಾತಿನಲ್ಲೇ ಹೇಳಿದರೆ ಡಬ್ಬಿಯನ್ನು ಕಪಾಟಿಗೆ ಸೇರಿಸಬಹುದು.